ವೇಫರ್ ಮೇಲಿನ ಚುಕ್ಕೆ ದೋಷವೋ, ದೂಳೋ? ಸಣ್ಣ ಲ್ಯಾಬ್‌ಗಾಗಿ ಬೆಳಕಿನ ತಪಾಸಣೆಯ ಸಮಗ್ರ ಮಾರ್ಗದರ್ಶಿ

ಮೂರು ಮಳೆಗಾಲದಿಂದ ಮಡಿಕೇರಿ, ಪೊನ್ನಂಪೇಟೆ, ಕುಶಾಲನಗರದ ಕಡೆಯ ವಿದ್ಯಾರ್ಥಿಗಳು ನನಗೆ ವೇಫರಿನ, ಅಂದರೆ ಚಿಪ್ ಮಾಡಲು ಬಳಸುವ ತೆಳು ಸಿಲಿಕಾನ್ ಬಿಲ್ಲೆಯ, ಒಂದೇ ಬಗೆಯ ಫೋಟೊ ಕಳಿಸುತ್ತಿದ್ದಾರೆ. ಬೂದು ಹಿನ್ನೆಲೆ, ನಡುವೆ ಒಂದು ಕಪ್ಪು ಚುಕ್ಕೆ. ಜೊತೆಗೆ ಒಂದು ಪ್ರಶ್ನೆ: "ಮೇಡಂ, ಇದು ಯಾವ ದೋಷ?" ಎಷ್ಟೋ ಸಲ ಅದು ವೇಫರಿನ ದೋಷವೇ ಆಗಿರುವುದಿಲ್ಲ. ಲೆನ್ಸಿಗೆ ಹಿಡಿದ ಬೂಷ್ಟು, ಸ್ವೆಟರಿನ ಎಳೆ, ಮಾತಾಡುವಾಗ ಸಿಡಿದ ಎಂಜಲಿನ ಹನಿ. ಇಂಥವೇ ಜಾಸ್ತಿ.

ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ವೇಫರ್ ತೆಗೆದ ಕೂಡಲೇ ಮೈಕ್ರೋಸ್ಕೋಪ್ ಕೆಳಗಿಟ್ಟು 50ಎಕ್ಸ್ ಲೆನ್ಸ್ ತಿರುಗಿಸುತ್ತಾರೆ. ಲೆಕ್ಕ ಹಾಕಿ ನೋಡಿ. 100 ಮಿ.ಮೀ. ವೇಫರಿನ ಮೇಲ್ಮೈ ಸುಮಾರು 7,850 ಚದರ ಮಿ.ಮೀ. ಫೀಲ್ಡ್ ನಂಬರ್ (ಕಣ್ಣಿಡುವ ಲೆನ್ಸಿನ ನೋಟದ ಅಗಲ, ಮಿ.ಮೀ. ಲೆಕ್ಕದಲ್ಲಿ) 22 ಇರುವ ಐಪೀಸ್‌ನಲ್ಲಿ, 50ಎಕ್ಸ್ ಲೆನ್ಸಿನಿಂದ ಒಂದು ಸಲಕ್ಕೆ ಕಾಣುವುದು 0.44 ಮಿ.ಮೀ. ಅಗಲದ ವೃತ್ತ. ಇಡೀ ವೇಫರ್ ನೋಡಲು 50 ಸಾವಿರಕ್ಕೂ ಜಾಸ್ತಿ ಸಲ ಸರಿಸಬೇಕು. ಒಂದೊಂದಕ್ಕೆ ಎರಡೇ ಸೆಕೆಂಡ್ ಕೊಟ್ಟರೂ 28 ಗಂಟೆ ಮೀರುತ್ತದೆ. ಅಷ್ಟು ಹೊತ್ತು ಯಾರೂ ಕೂರುವುದಿಲ್ಲ. ಸಿಕ್ಕಿದ ನಾಲ್ಕು ಜಾಗ ನೋಡಿ ವರದಿ ಬರೆಯುತ್ತಾರೆ.

ಹುಡುಕುವ ಕೆಲಸ ಬೇರೆ, ಗುರುತಿಸುವ ಕೆಲಸ ಬೇರೆ. ಕಾಫಿ ಕ್ಯೂರಿಂಗ್ ಮಾಡುವವರು ಒಂದೊಂದೇ ಬೀಜ ಕೈಗೆತ್ತಿಕೊಂಡು ಶುರು ಮಾಡುವುದಿಲ್ಲ. ಮೊದಲು ಜರಡಿ, ಆಮೇಲೆ ಕೈಯಿಂದ ಹೆಕ್ಕುವುದು. ಇಲ್ಲಿಯೂ ಹಾಗೆಯೇ. ಓರೆ ಬೆಳಕು ಮತ್ತು ಬರಿಗಣ್ಣಿನಿಂದ ಹುಡುಕಬೇಕು. ಹುಡುಕಿದ್ದನ್ನು ಮಾತ್ರ ದೊಡ್ಡ ಲೆನ್ಸಿನಲ್ಲಿ ನೋಡಬೇಕು. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ, ಅದಲು ಬದಲು ಮಾಡಬೇಡಿ.

## ಮೊದಲು ಸಾಮಾನು ಹೊಂದಿಸಿಕೊಳ್ಳಿ

ಮೈಕ್ರೋಸ್ಕೋಪ್. ಮೇಲಿನಿಂದ ಬೆಳಕು ಬೀಳುವ ಮೆಟಲರ್ಜಿಕಲ್ ಮೈಕ್ರೋಸ್ಕೋಪ್ ಬೇಕು. ಜೀವಶಾಸ್ತ್ರದ ಲ್ಯಾಬಿನದು ಆಗುವುದಿಲ್ಲ. ಅದರಲ್ಲಿ ಬೆಳಕು ಕೆಳಗಿನಿಂದ ಬರುತ್ತದೆ. ಕಣ್ಣಿಗೆ ಕಾಣುವ ಬೆಳಕು ಸಿಲಿಕಾನ್ ದಾಟುವುದಿಲ್ಲ, ಬರೀ ಕತ್ತಲೆ ಕಾಣುತ್ತದೆ. 5ಎಕ್ಸ್‌ನಿಂದ 50ಎಕ್ಸ್‌ವರೆಗೆ ಲೆನ್ಸ್ ಇದ್ದರೆ ಸಾಕು. ಡಾರ್ಕ್ ಫೀಲ್ಡ್ ಮಾತ್ರ ಇರಲೇಬೇಕು. ಬೆಳಕನ್ನು ಬದಿಯಿಂದ ಬಿಟ್ಟು, ಕಪ್ಪು ಹಿನ್ನೆಲೆಯಲ್ಲಿ ಚುಕ್ಕೆ ಮಾತ್ರ ಹೊಳೆಯುವಂತೆ ತೋರಿಸುವ ಸೌಲಭ್ಯ ಅದು. 50ಎಕ್ಸ್ ಇಲ್ಲದೆ ಅರ್ಧ ಕೆಲಸವಾದರೂ ಆಗುತ್ತದೆ, ಡಾರ್ಕ್ ಫೀಲ್ಡ್ ಇಲ್ಲದೆ ಅದೂ ಆಗುವುದಿಲ್ಲ.

ಲ್ಯಾಮಿನಾರ್ ಫ್ಲೋ ಬೆಂಚ್. ಸೋಸಿದ ಗಾಳಿ ಒಂದೇ ದಿಕ್ಕಿನಲ್ಲಿ ಹರಿಯುವ ಮೇಜು ಇದು. ಇದರ ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97 ಶೇಕಡಾ ಹಿಡಿಯುವಂಥದ್ದಿರಲಿ. ಇಡೀ ಕೋಣೆಯನ್ನು ಕ್ಲೀನ್ ರೂಮ್ ಮಾಡಲು ನಮ್ಮ ಕಾಲೇಜುಗಳಿಗೆ ದುಡ್ಡಿಲ್ಲ. ಒಂದು ಬೆಂಚಿನಷ್ಟು ಜಾಗವನ್ನು ಶುದ್ಧವಾಗಿಟ್ಟರೂ ಕಲಿಯುವ ಕೆಲಸಕ್ಕೆ ಸಾಕು.

ಬೆಳಕು. ಕಿರಿದಾದ, ಜೋರಾದ ಬಿಳಿ ಬೆಳಕು ಬೇಕು. ಫೈಬರ್ ಹಾಕಿದ ಹ್ಯಾಲೊಜೆನ್ ದೀಪ ಅಥವಾ ಲೆನ್ಸ್ ಇರುವ ಎಲ್‌ಇಡಿ. ಮೊಬೈಲ್ ಟಾರ್ಚ್ ಸಾಲದು. ಲೇಸರ್ ಪಾಯಿಂಟರ್ ಮುಟ್ಟಲೇಬೇಡಿ. ಪಾಲಿಶ್ ಆದ ವೇಫರ್ ಅಂದರೆ ಕನ್ನಡಿಯೇ. ಲೇಸರ್ ತಿರುಗಿ ನೇರ ಕಣ್ಣಿಗೆ ಬರುತ್ತದೆ.

ಕೈಗೆ, ಕಣ್ಣಿಗೆ. ಪೌಡರ್ ಇಲ್ಲದ ನೈಟ್ರೈಲ್ ಗ್ಲೌಸ್, ಮಾಸ್ಕ್, ಸುರಕ್ಷತಾ ಕನ್ನಡಕ. ವೇಫರ್ ಹಿಡಿಯಲು ಚಪ್ಪಟೆ ತುದಿಯ ಟ್ವೀಜರ್ (ಚಿಮಟ) ಅಥವಾ ವ್ಯಾಕ್ಯೂಮ್ ವಾಂಡ್ (ಗಾಳಿ ಹೀರಿ ವೇಫರ್ ಹಿಡಿಯುವ ಕಡ್ಡಿ). ಎಲೆಕ್ಟ್ರಾನಿಕ್ಸ್ ಲ್ಯಾಬಿನ ಚೂಪು ಸ್ಟೀಲ್ ಟ್ವೀಜರ್ ಬೇಡ.

ನೈಟ್ರೋಜನ್ ಗನ್. ತುದಿಯಲ್ಲಿ ಫಿಲ್ಟರ್ ಇರಬೇಕು. ಕಂಪ್ರೆಸರ್ ಗಾಳಿಯಲ್ಲಿ ಎಣ್ಣೆ, ನೀರಿನ ಅಂಶ ಬರುತ್ತದೆ. ಕೀಬೋರ್ಡ್ ಒರೆಸಲು ಮಾರುವ ಗಾಳಿ ಡಬ್ಬಿಯನ್ನು ಓರೆ ಮಾಡಿದರೆ ದ್ರವ ಸಿಡಿಯುತ್ತದೆ. ಎರಡೂ ಹೊಸ ಕಲೆ ಮಾಡುತ್ತವೆ.

ಇನ್ನಷ್ಟು. ತೇವಾಂಶ ಮೀಟರ್, ಬಾಲ್ ಪೆನ್, ಮತ್ತು ಹೊಸ ಪೆಟ್ಟಿಗೆಯಿಂದ ತೆಗೆದ ಒಂದು ಖಾಲಿ ವೇಫರ್. ಪೆನ್ಸಿಲ್, ರಬ್ಬರ್ ಕೋಣೆಯ ಹೊರಗೇ ಇರಲಿ, ಅವುಗಳ ಪುಡಿ ಹಾರುತ್ತದೆ. ಖಾಲಿ ವೇಫರ್ ಯಾಕೆಂದು ಮೂರನೇ ಹಂತದಲ್ಲಿ ಹೇಳುತ್ತೇನೆ. ಬಹಳ ಮಂದಿ ಬಿಟ್ಟುಬಿಡುವುದು ಅದನ್ನೇ.

## ಹಂತ 1: ಕೋಣೆ ಒಣಗಿಸಿ, ನೀವೂ ಒಣಗಿ

ಬೇರೆ ಊರಿನವರಿಗೆ ಈ ಹಂತ ಒಂದು ಸಾಲಿನದು. ಕೊಡಗಿನಲ್ಲಿ ಅರ್ಧ ಕೆಲಸ ಇದೇ.

ವೇಫರ್ ತೆರೆಯುವ ಜಾಗದಲ್ಲಿ ತೇವಾಂಶ 40ರಿಂದ 50 ಶೇಕಡಾ ಇರಬೇಕು. ಜುಲೈ ತಿಂಗಳಲ್ಲಿ ಮಡಿಕೇರಿಯ ಕೋಣೆಯೊಳಗೆ ಮೀಟರ್ ಇಟ್ಟರೆ ಮುಳ್ಳು 90 ದಾಟಿ ನಿಲ್ಲುತ್ತದೆ. ಎಸಿ ಹಾಕಿದರೆ ಸಾಲದು, ಡಿಹ್ಯುಮಿಡಿಫೈಯರ್ ಬೇಕು. ಹಿಂದಿನ ದಿನ ಸಂಜೆಯೇ ಅದನ್ನು ಓಡಿಸಲು ಶುರು ಮಾಡಿ. ಗೋಡೆ, ಪರದೆ, ಮರದ ಮೇಜು ಎಲ್ಲವೂ ನೀರು ಹೀರಿಕೊಂಡಿರುತ್ತವೆ. ಒಂದೆರಡು ಗಂಟೆಯಲ್ಲಿ ಅವು ಬಿಟ್ಟುಕೊಡುವುದಿಲ್ಲ.

ವೇಫರ್ ಪೆಟ್ಟಿಗೆಯನ್ನು ತಣ್ಣನೆಯ ಕೋಣೆಯಿಂದ ತಂದು ಕೂಡಲೇ ತೆರೆಯಬೇಡಿ. ಹೊರಗಿನ ಗಾಳಿ 25 ಡಿಗ್ರಿ, ತೇವಾಂಶ 90 ಶೇಕಡಾ ಅಂದುಕೊಳ್ಳಿ. ಆಗ ಸುಮಾರು 23 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ನೀರು ಕೂರುತ್ತದೆ. ಎಸಿ ಕೋಣೆಯ ವೇಫರ್ 21 ಡಿಗ್ರಿ ಇರುತ್ತದೆ, ಅಲ್ವಾ? ಮುಚ್ಚಳ ತೆಗೆದ ಕ್ಷಣದಲ್ಲೇ ಮಂಜು ಕಟ್ಟುತ್ತದೆ. ಆ ನೀರು ಆರುವಾಗ ತನ್ನೊಳಗಿನದ್ದನ್ನೆಲ್ಲ ಉಂಗುರದಂತೆ ಬಿಟ್ಟು ಹೋಗುತ್ತದೆ. ಆಮೇಲೆ ನೀವು ಅದನ್ನೇ ದೋಷ ಅಂತ ಬರೆಯುತ್ತೀರಿ. ಪೆಟ್ಟಿಗೆ ಮುಚ್ಚಿದಂತೆಯೇ ಕೋಣೆಯಲ್ಲಿ ಅರ್ಧ ಗಂಟೆ ಕೂರಲಿ.

ಸೀಲಿಂಗ್ ಫ್ಯಾನ್ ಆರಿಸಿ. ಬೆಂಚಿನ ಗಾಳಿ ಅರ್ಧ ಗಂಟೆ ಮೊದಲೇ ಶುರುವಾಗಲಿ.

ಇನ್ನು ಬಟ್ಟೆ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಬಟ್ಟೆ ಒಣಗುವುದು ಒಲೆಯ ಮೇಲಿನ ತಂತಿಯಲ್ಲಿ. ಸೌದೆ ಹೊಗೆಯ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನಿಗಿಂತ ಸಣ್ಣವು. ಅವು ಬಟ್ಟೆಯಲ್ಲಿ ಕೂತು ಲ್ಯಾಬಿಗೆ ಬರುತ್ತವೆ. ನನಗಿದು ತಿಳಿದದ್ದು ತಡವಾಗಿ. ಒಂದು ಆಗಸ್ಟ್‌ನಲ್ಲಿ ನಾಲ್ಕು ದಿನ ಒಂದೇ ವೇಫರ್ ನೋಡಿದೆ. ದಿನದಿಂದ ದಿನಕ್ಕೆ ಚುಕ್ಕೆ ಏರುತ್ತಲೇ ಇತ್ತು. ಐದನೇ ದಿನ ಸ್ವೆಟರ್ ಹೊರಗೆ ಬಿಟ್ಟು, ಕಪಾಟಿನಲ್ಲಿ ಮುಚ್ಚಿಟ್ಟಿದ್ದ ಲ್ಯಾಬ್ ಕೋಟ್ ಹಾಕಿಕೊಂಡೆ. ಏರಿಕೆ ನಿಂತಿತು. ಅಂದಿನಿಂದ ಹೊಗೆ ವಾಸನೆ ಬರುವ ಬಟ್ಟೆಯಲ್ಲಿ ಯಾರನ್ನೂ ಬೆಂಚಿನ ಹತ್ತಿರ ಬಿಡುವುದಿಲ್ಲ. ಪೌಡರ್ ಹಚ್ಚಿದ ಮುಖ, ಎಣ್ಣೆ ಹಚ್ಚಿ ಬಿಟ್ಟ ಕೂದಲು, ಇವೂ ಬೇಡ.

ಡಿಸೆಂಬರಿನಿಂದ ಫೆಬ್ರವರಿವರೆಗೆ ತೊಂದರೆ ಬೇರೆ. ತೇವ ಕಡಿಮೆಯಾಗುತ್ತದೆ, ಕಾಫಿ ಒಣಗಿಸುವ ಅಂಗಳದ ದೂಳು ಏಳುತ್ತದೆ. ಹೂಮಳೆ ಬಿದ್ದ ಮೇಲೆ ಗಾಳಿಯಲ್ಲಿ ಹೂವಿನ ಪರಾಗ ಇರುತ್ತದೆ. ಪರಾಗದ ಕಣ ಹತ್ತಾರು ಮೈಕ್ರಾನ್ ದೊಡ್ಡದು, ಉರುಟಾಗಿ ಒಂದೇ ಅಳತೆಯಲ್ಲಿ ಕಾಣುತ್ತದೆ. ನೋಡಿದವರಿಗೆ ಯಾವುದೋ ಕ್ರಮಬದ್ಧ ದೋಷ ಅನ್ನಿಸುತ್ತದೆ. ಕಿಟಕಿ ಮುಚ್ಚಿಡಿ.

## ಹಂತ 2: ಮೈಕ್ರೋಸ್ಕೋಪನ್ನೇ ಮೊದಲು ತಪಾಸಣೆ ಮಾಡಿ

ತೇವದ ಊರಿನಲ್ಲಿ ಲೆನ್ಸಿಗೆ ಫಂಗಸ್ ಹಿಡಿಯುವುದು ಸಾಮಾನ್ಯ. ಆಬ್ಜೆಕ್ಟಿವ್ (ವೇಫರಿನ ಕಡೆಗಿರುವ ಲೆನ್ಸ್) ಬಿಚ್ಚಿ, ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಜೇಡರ ಬಲೆಯಂಥ ತೆಳು ಎಳೆಗಳು ಕಂಡರೆ ಫಂಗಸ್ ಶುರುವಾಗಿದೆ. ಒಳಗಿನ ಗಾಜಿಗೆ ಹಿಡಿದಿದ್ದರೆ ನೀವೇ ಬಿಚ್ಚಬೇಡಿ, ರಿಪೇರಿಯವರಿಗೆ ಕೊಡಿ. ಕೆಲಸ ಮುಗಿದ ಮೇಲೆ ಲೆನ್ಸ್‌ಗಳು ಡ್ರೈ ಕ್ಯಾಬಿನೆಟ್‌ನಲ್ಲೇ ಇರಲಿ.

ಈಗ ಖಾಲಿ ವೇಫರ್ ಇಟ್ಟು ಫೋಕಸ್ ಮಾಡಿ. ಒಂದು ಚುಕ್ಕೆ ಕಂಡಿತು ಅಂತಿಟ್ಟುಕೊಳ್ಳಿ. ಅದು ಎಲ್ಲಿದೆ?

ಸ್ಟೇಜ್ (ವೇಫರ್ ಇಡುವ ತಟ್ಟೆ) ಸರಿಸಿ. ಚುಕ್ಕೆ ಜೊತೆಗೇ ಸರಿದರೆ ವೇಫರ್ ಮೇಲಿದೆ. ನಿಂತಲ್ಲೇ ನಿಂತರೆ ವೇಫರ್ ಮೇಲಿಲ್ಲ. ಆಗ ಐಪೀಸ್ ತಿರುಗಿಸಿ. ಚುಕ್ಕೆಯೂ ತಿರುಗಿದರೆ ಐಪೀಸ್‌ನಲ್ಲಿದೆ. ಆಬ್ಜೆಕ್ಟಿವ್ ಬದಲಿಸಿದಾಗ ಮಾಯವಾದರೆ ಆ ಆಬ್ಜೆಕ್ಟಿವ್‌ನಲ್ಲಿದೆ. ಕಣ್ಣಿಗೆ ಕಾಣದೆ ಫೋಟೊದಲ್ಲಿ ಮಾತ್ರ, ಪ್ರತಿ ಫೋಟೊದ ಅದೇ ಮೂಲೆಯಲ್ಲಿ ಬಂದರೆ ಕ್ಯಾಮೆರಾದಲ್ಲಿದೆ. ಎರಡು ನಿಮಿಷದ ಕೆಲಸ ಇದು. ನನಗೆ ಬರುವ ಫೋಟೊಗಳಲ್ಲಿ ಎಷ್ಟೋ ಪ್ರಶ್ನೆಗಳು ಇಲ್ಲೇ ಮುಗಿಯುತ್ತಿದ್ದವು.

## ಹಂತ 3: ನಿಮ್ಮ ಕೋಣೆಯ ಕೊಳೆ ಎಷ್ಟೆಂದು ಅಳೆಯಿರಿ

ದಯವಿಟ್ಟು ಇದನ್ನು ಬಿಡಬೇಡಿ. ಖಾಲಿ ತಕ್ಕಡಿ ಸೊನ್ನೆ ತೋರಿಸುತ್ತದೆಯೇ ಎಂದು ನೋಡದೆ ತೂಕ ಹಾಕಿದರೆ ಯಾರು ಒಪ್ಪುತ್ತಾರೆ?

ಖಾಲಿ ವೇಫರನ್ನು ಪೆಟ್ಟಿಗೆಯಿಂದ ತೆಗೆದು, ಕತ್ತಲೆಯಲ್ಲಿ ಓರೆ ಬೆಳಕು ಬಿಟ್ಟು, ಹೊಳೆಯುವ ಚುಕ್ಕೆ ಎಣಿಸಿ. ಬೆಳಕು ಬಿಡುವ ವಿಧಾನ ಐದನೇ ಹಂತದಲ್ಲಿದೆ. ಬೆಂಚಿನ ಮೇಲೆ ಹತ್ತು ನಿಮಿಷ ತೆರೆದಿಡಿ, ಮತ್ತೆ ಎಣಿಸಿ. ಮೊದಲ ಸಲ 4, ಎರಡನೇ ಸಲ 5 ಇದ್ದರೆ ಮುಂದುವರಿಯಬಹುದು. 4 ಇದ್ದದ್ದು 20 ಆದರೆ ಇವತ್ತು ಕೆಲಸ ಬೇಡ. ಫಿಲ್ಟರ್, ಗ್ಲೌಸ್, ಬಟ್ಟೆ, ಕಿಟಕಿ ನೋಡಿ. ಎರಡು ಎಣಿಕೆಯ ವ್ಯತ್ಯಾಸವನ್ನು ವರದಿಯ ಮೊದಲ ಸಾಲಿನಲ್ಲೇ ಬರೆಯಿರಿ. ಇದು ಬೇಡವೆಂದು ನಿಮ್ಮ ಗೈಡ್ ಹೇಳಿದರೂ ಬರೆಯಿರಿ.

## ಹಂತ 4: ವೇಫರ್ ತೆಗೆಯಿರಿ

100 ಮಿ.ಮೀ. ವೇಫರಿನ ದಪ್ಪ ಸುಮಾರು 525 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್. ಸ್ವಲ್ಪ ಬಗ್ಗಿಸಿದರೆ ಗಾಜಿನಂತೆ ಒಡೆಯುತ್ತದೆ, ಚೂರು ಹಾರುತ್ತದೆ. ಕನ್ನಡಕ ಹಾಕಿಕೊಂಡೇ ಮುಟ್ಟಿ.

ಅಂಚಿನ 3 ಮಿ.ಮೀ. ಒಳಗೆ ಮಾತ್ರ ಟ್ವೀಜರ್ ತಾಗಲಿ. ಹೊಳೆಯುವ ಮುಖ ಮೇಲಿರಲಿ. ಒಂದೇ ಕಡೆ ಪಾಲಿಶ್ ಆದ ವೇಫರಿನ ಹಿಂಬದಿ ಮಸುಕಾಗಿರುತ್ತದೆ. ವೇಫರ್ ಮೇಲೆ ಬಗ್ಗಿ ಮಾತಾಡಬೇಡಿ, ಮಾಸ್ಕ್ ಇದ್ದರೂ. ಫ್ಲೋ ಬೆಂಚಿನಲ್ಲಿ ನಿಮ್ಮ ಕೈ ಯಾವಾಗಲೂ ಗಾಳಿ ಹೋಗುವ ಕಡೆ ಇರಬೇಕು. ಫಿಲ್ಟರಿಗೂ ವೇಫರಿಗೂ ನಡುವೆ ಕೈ ತಂದರೆ ತೋಳಿನ ದೂಳೆಲ್ಲ ನೇರ ವೇಫರ್ ಮೇಲೆ ಬರುತ್ತದೆ.

ವೇಫರಿನ ಅಂಚಿನಲ್ಲಿ ನೇರವಾಗಿ ಕತ್ತರಿಸಿದ ಭಾಗಕ್ಕೆ ಫ್ಲಾಟ್ ಅನ್ನುತ್ತಾರೆ. 200 ಮಿ.ಮೀ. ಮತ್ತು 300 ಮಿ.ಮೀ. ವೇಫರುಗಳಲ್ಲಿ ಅದರ ಬದಲು ನಾಚ್ ಅನ್ನುವ ಸಣ್ಣ ಕಚ್ಚು ಇರುತ್ತದೆ. ಅದನ್ನು ಗಡಿಯಾರದ ಆರು ಗಂಟೆಯ ಜಾಗಕ್ಕೆ ತನ್ನಿ. ಇನ್ನು ಮುಂದೆ ಎಲ್ಲ ಜಾಗವನ್ನೂ "ಎರಡು ಗಂಟೆ ದಿಕ್ಕು, ನಡುವಿನಿಂದ 30 ಮಿ.ಮೀ." ಎಂದು ಹೇಳಿ. "ಬಲಗಡೆ ಮೇಲೆ" ಅಂತ ಬರೆದ ಜಾಗಕ್ಕೆ ಎರಡನೇ ಸಲ ಹೋಗಲು ಆಗುವುದಿಲ್ಲ.

## ಹಂತ 5: ಕತ್ತಲೆಯಲ್ಲಿ ಓರೆ ಬೆಳಕು

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಅವಸರ ಮಾಡಬೇಡಿ.

ಹಳೆಯ ಮನೆಯ ಅಟ್ಟದಲ್ಲಿ ಹೆಂಚಿನ ಸಂದಿಯಿಂದ ಬಿಸಿಲುಕೋಲು ಬಿದ್ದಾಗ ದೂಳಿನ ಕಣ ಮಿನುಗುವುದನ್ನು ನೋಡಿದ್ದೀರಲ್ಲ? ಬಾಗಿಲು ತೆರೆದರೆ ದೂಳು ಅಲ್ಲೇ ಇರುತ್ತದೆ, ಆದರೆ ಕಾಣುವುದಿಲ್ಲ. ಬೆಳಕು ಒಂದು ಕಡೆಯಿಂದ ಬರಬೇಕು, ಸುತ್ತ ಕತ್ತಲೆ ಇರಬೇಕು. ಆಗ ಕಣ ಚೆದುರಿಸಿದ ಬೆಳಕು ಮಾತ್ರ ಕಣ್ಣಿಗೆ ಬರುತ್ತದೆ.

ದೀಪ ಆರಿಸಿ ಕಣ್ಣಿಗೆ ಹತ್ತು ನಿಮಿಷ ಕತ್ತಲೆ ಅಭ್ಯಾಸ ಮಾಡಿಸಿ. ಮೊಬೈಲ್ ನೋಡಿದರೆ ಆ ಹತ್ತು ನಿಮಿಷ ಸುಮ್ನೆ ಹಾಳು. ವೇಫರಿನ ಹಿಂದೆ ಕಪ್ಪು ಬಣ್ಣ ಬಳಿದ ತಗಡು ಇರಲಿ. ಕಪ್ಪು ಬಟ್ಟೆ ಬೇಡ, ಎಳೆ ಬಿಡುತ್ತದೆ. ಈಗ ಬೆಳಕನ್ನು ಒಂದು ಬದಿಯಿಂದ ಓರೆಯಾಗಿ ಬಿಡಿ. ಅದರ ನೇರ ಪ್ರತಿಫಲನ ನಿಮ್ಮ ಕಣ್ಣಿಗೆ ಬರದೆ ಆಚೆ ಬದಿಗೆ ಹೋಗಬೇಕು. ಸರಿಯಾಗಿ ಹಿಡಿದರೆ ವೇಫರ್ ಕಪ್ಪಗೆ ಕಾಣುತ್ತದೆ, ಅದರ ಮೇಲೆ ನಕ್ಷತ್ರದಂತೆ ಚುಕ್ಕೆಗಳು. ವೇಫರ್ ಬೆಳ್ಳಗೆ ಹೊಳೆದರೆ ಕೋನ ತಪ್ಪಿದೆ ಎಂದರ್ಥ.

ಮೈಕ್ರೋಸ್ಕೋಪಿನಲ್ಲೂ ಆಕಾರ ಸಿಗದಷ್ಟು ಸಣ್ಣ ಕಣ ಬರಿಗಣ್ಣಿಗೆ ಹೇಗೆ ಕಾಣುತ್ತದೆ ಎಂದು ಕೇಳುತ್ತಾರೆ. ಕಣದ ಆಕಾರ ಕಾಣುವುದಿಲ್ಲ, ಅದು ಚೆದುರಿಸಿದ ಬೆಳಕು ಕಾಣುತ್ತದೆ. ಆದರೆ ಇದಕ್ಕೂ ಮಿತಿ ಇದೆ. ಬೆಳಕಿನ ತರಂಗದ ಉದ್ದಕ್ಕಿಂತ ಬಹಳ ಸಣ್ಣ ಕಣ ಚೆದುರಿಸುವ ಬೆಳಕು ಅದರ ವ್ಯಾಸದ ಆರನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ವ್ಯಾಸ ಅರ್ಧವಾದರೆ ಬೆಳಕು 64ರಲ್ಲಿ ಒಂದು ಪಾಲು. ಹಾಗಾಗಿ ಒಂದು ಗಾತ್ರದ ಕೆಳಗೆ ಚುಕ್ಕೆಗಳು ಮೆಲ್ಲಗೆ ಮಸುಕಾಗುವುದಿಲ್ಲ, ಒಮ್ಮೆಗೇ ಕಾಣದಾಗುತ್ತವೆ. ದೊಡ್ಡ ಕಾರ್ಖಾನೆಗಳ ಯಂತ್ರಗಳು ಕಿರು ತರಂಗದ ಲೇಸರ್ ಬಳಸುವುದು ಇದಕ್ಕೇ. ತರಂಗ 532 ನ್ಯಾನೋಮೀಟರಿನಿಂದ 266ಕ್ಕೆ ಇಳಿದರೆ ಅದೇ ಸಣ್ಣ ಕಣ 16 ಪಟ್ಟು ಜಾಸ್ತಿ ಚೆದುರಿಸುತ್ತದೆ.

ವೇಫರನ್ನು ನಿಧಾನವಾಗಿ ಓಲಾಡಿಸಿ, ಆಮೇಲೆ ತಿರುಗಿಸಿ. ಓಲಾಡಿಸುವುದು, ತಿರುಗಿಸುವುದು ಎರಡೂ ಬೇಕು. ಕಣ ಯಾವ ಕಡೆಯಿಂದ ಬೆಳಕು ಬಿದ್ದರೂ ಮಿನುಗುತ್ತದೆ. ಗೀರು ಹಾಗಲ್ಲ. ಬೆಳಕು ಅಡ್ಡ ಬಿದ್ದಾಗ ಮಿಂಚುತ್ತದೆ, 90 ಡಿಗ್ರಿ ತಿರುಗಿಸಿದರೆ ಮಾಯವಾಗುತ್ತದೆ. ವೇಫರ್ ತಿರುಗಿಸದೆ ನೋಡಿದವರು ಅರ್ಧದಷ್ಟು ಗೀರು ಬಿಟ್ಟಿರುತ್ತಾರೆ. ಉಸಿರು ತಾಗಿದ ಗಾಜಿನಂತೆ ಒಂದು ಕಡೆ ಮಬ್ಬಾಗಿದ್ದರೆ ಅದು ಹೇಜ್. ಮೇಲ್ಮೈ ಒರಟಾಗಿದೆ ಅಥವಾ ತೆಳು ಪೊರೆ ಕೂತಿದೆ. ಆಕ್ಸೈಡ್ (ಸಿಲಿಕಾನ್, ಆಮ್ಲಜನಕ ಸೇರಿದ ತೆಳು ಪದರ) ಬೆಳೆಸಿದ ವೇಫರ್ ಆದರೆ ಬಣ್ಣವನ್ನೂ ನೋಡಿ. ಸುಮಾರು 100 ನ್ಯಾನೋಮೀಟರ್ ದಪ್ಪದ ಆಕ್ಸೈಡ್ ನೇರಳೆ, 150 ಆಸುಪಾಸಿನದು ತಿಳಿ ನೀಲಿ. ಒಂದೇ ವೇಫರಿನಲ್ಲಿ ಬಣ್ಣ ಬದಲಾದರೆ ದಪ್ಪ ಬದಲಾಗಿದೆ. ಬಣ್ಣವನ್ನು ಮಾತ್ರ ಮಾಮೂಲಿ ಬಿಳಿ ಬೆಳಕಿನಲ್ಲಿ, ನೇರವಾಗಿ ಮೇಲಿನಿಂದ ನೋಡಬೇಕು.

ಕಂಡದ್ದನ್ನೆಲ್ಲ ನಕ್ಷೆಯಲ್ಲಿ ಗುರುತಿಸಿ. ಮೊದಲೇ ವೃತ್ತ ಬರೆದು ಗಂಟೆ ಹಾಕಿಟ್ಟ ಹಾಳೆ ಇರಲಿ. ಅದು ಬೆಂಚಿನಿಂದ ಒಂದು ಮಾರು ದೂರ ಇರಲಿ. ಇಬ್ಬರಿದ್ದರೆ ಒಬ್ಬರು ಹೇಳಲಿ, ಇನ್ನೊಬ್ಬರು ಬರೆಯಲಿ.

## ಹಂತ 6: ಊದಿ, ಮತ್ತೆ ನೋಡಿ

ನಕ್ಷೆ ಬರೆದ ಮೇಲೆಯೇ ಊದಬೇಕು. ಮೊದಲೇ ಊದಿಬಿಟ್ಟರೆ, ವೇಫರ್ ಬಂದಾಗ ಹೇಗಿತ್ತು ಎಂಬುದಕ್ಕೆ ಸಾಕ್ಷಿಯೇ ಇರುವುದಿಲ್ಲ. ನೈಟ್ರೋಜನ್ ಗನ್ ಓರೆಯಾಗಿ ಹಿಡಿದು, ಮೆಲ್ಲಗೆ, ನಡುವಿನಿಂದ ಅಂಚಿನ ಕಡೆಗೆ ಊದಿ. ಜೋರಾಗಿ ಊದಿದರೆ ಸ್ಥಾಯೀ ವಿದ್ಯುತ್ ಸೇರಿಕೊಂಡು ಇನ್ನಷ್ಟು ದೂಳು ಅಂಟುತ್ತದೆ.

ಮತ್ತೆ ಓರೆ ಬೆಳಕಿನಲ್ಲಿ ನೋಡಿ, ಎರಡನೇ ನಕ್ಷೆ ಬರೆಯಿರಿ. ಮಾಯವಾದದ್ದು, ಜಾಗ ಬದಲಿಸಿದ್ದು ಸಡಿಲ ದೂಳು. ಇದ್ದಲ್ಲೇ ಉಳಿದವು ಮಾತ್ರ ಮುಂದಿನ ಹಂತಕ್ಕೆ ಹೋಗುತ್ತವೆ.

ಬಾಯಿಂದ ಊದಬೇಡಿ. ಹತ್ತಿಯಿಂದ, ಟಿಶ್ಯೂನಿಂದ ಒರೆಸಬೇಡಿ. ಒರೆಸಿದ ವೇಫರಿನಲ್ಲಿ ಆಮೇಲೆ ಕಾಣುವ ಗೀರು ಯಾರದ್ದೆಂದು ಹೇಳುವುದಕ್ಕೆ ಆಗುವುದಿಲ್ಲ. ಆಸಿಡ್, ಅಮೋನಿಯಾ ಹಾಕಿ ತೊಳೆಯುವ ಕೆಲಸ ಬೇರೆಯದೇ. ಫ್ಯೂಮ್ ಹುಡ್ ಮತ್ತು ತರಬೇತಿ ಪಡೆದವರು ಇಲ್ಲದ ಲ್ಯಾಬಿನಲ್ಲಿ ಅದಕ್ಕೆ ಕೈ ಹಾಕಬೇಡಿ. ಹೈಡ್ರೋಫ್ಲೋರಿಕ್ ಆಸಿಡ್ ಅಂತೂ ಜೀವ ತೆಗೆಯುವಂಥದ್ದು.

## ಹಂತ 7: ಡಾರ್ಕ್ ಫೀಲ್ಡ್‌ನಲ್ಲಿ ಕಡಿಮೆ ಲೆನ್ಸ್

ಈಗ ಮೈಕ್ರೋಸ್ಕೋಪ್. ಬಹಳ ಮಂದಿ ಇಲ್ಲಿ ಕಾಲು ಗಂಟೆ ಫೋಕಸ್ ಹುಡುಕುತ್ತಾ ಕೂರುತ್ತಾರೆ. ಕನ್ನಡಿಯಂಥ ಖಾಲಿ ವೇಫರಿನಲ್ಲಿ ಫೋಕಸ್ ಮಾಡಲು ಏನೂ ಇಲ್ಲವಲ್ಲ. ಉಪಾಯ ಇದೆ. ಬ್ರೈಟ್ ಫೀಲ್ಡ್‌ನಲ್ಲಿ (ನೇರ ಮೇಲಿನಿಂದ ಬೆಳಕು ಬೀಳುವ ಮಾಮೂಲಿ ನೋಟ) 5ಎಕ್ಸ್ ಹಾಕಿ, ಫೀಲ್ಡ್ ಡಯಾಫ್ರಾಮ್ (ಬೆಳಕಿನ ವೃತ್ತವನ್ನು ಕಿರಿದು ಮಾಡುವ ತೆರೆ) ಅರ್ಧ ಮುಚ್ಚಿ. ಅದರ ಅಂಚು ಚೂಪಾಗಿ ಕಂಡರೆ ವೇಫರಿನ ಮೇಲ್ಮೈ ಫೋಕಸ್‌ಗೆ ಬಂದಿದೆ. ಇಲ್ಲವೇ ವೇಫರಿನ ಫ್ಲಾಟ್ ಅಂಚಿಗೆ ಹೋಗಿ ಅಲ್ಲಿ ಫೋಕಸ್ ಮಾಡಿಕೊಂಡು ಒಳಗೆ ಬನ್ನಿ. ಲೆನ್ಸನ್ನು ವೇಫರಿನ ಹತ್ತಿರ ತರುವಾಗ ಬದಿಯಿಂದ ಬರಿಗಣ್ಣಿನಲ್ಲಿ ನೋಡುತ್ತಾ ತನ್ನಿ. ಐಪೀಸ್‌ನಲ್ಲಿ ನೋಡುವಾಗ ದೂರ ಸರಿಸುತ್ತಲೇ ಫೋಕಸ್ ಹುಡುಕಿ.

ಆಮೇಲೆ ಡಾರ್ಕ್ ಫೀಲ್ಡ್‌ಗೆ ತಿರುಗಿಸಿ ಬೆಳಕು ಏರಿಸಿ. ಮರಳಿ ಬ್ರೈಟ್ ಫೀಲ್ಡ್‌ಗೆ ಬರುವ ಮುಂಚೆ ಬೆಳಕು ಇಳಿಸುವುದು ಕಡ್ಡಾಯ. ಮರೆತರೆ ಕನ್ನಡಿಯಿಂದ ಬಂದ ಪೂರ್ತಿ ಬೆಳಕು ಕಣ್ಣಿಗೆ ಹೊಡೆಯುತ್ತದೆ. ವಿದ್ಯಾರ್ಥಿಗಳಿಗೆ ಇದನ್ನು ಕೈ ಹಿಡಿದು ಅಭ್ಯಾಸ ಮಾಡಿಸಿ.

ನಕ್ಷೆಯ ಒಂದೊಂದು ಗುರುತಿಗೂ ಹೋಗಿ. ಅದರ ಜೊತೆಗೆ ನಡುವೆ ಒಂದು, 3, 6, 9, 12 ಗಂಟೆ ದಿಕ್ಕಿನಲ್ಲಿ ಒಂದೊಂದು, ಹೀಗೆ ಐದು ಜಾಗದಲ್ಲಿ 5 ಮಿ.ಮೀ. ಚೌಕವನ್ನು ಪೂರ್ತಿ ಸೋಸಿ. ಗದ್ದೆ ಉಳುವ ಹಾಗೆ ಒಂದು ಸಾಲು ಹೋಗಿ, ತಿರುಗಿ ಪಕ್ಕದ ಸಾಲಿನಲ್ಲಿ ಬನ್ನಿ. ಒಂದು ಸಾಲು ಇನ್ನೊಂದರ ಮೇಲೆ ಸ್ವಲ್ಪ ಹತ್ತಲಿ, ನಡುವೆ ಪಟ್ಟಿ ಉಳಿಯಬಾರದು.

ಮಳೆ ಜೋರಾಗಿ ತಗಡಿನ ಮಾಡಿಗೆ ಹೊಡೆಯುವಾಗ, ಪಕ್ಕದಲ್ಲಿ ಜನರೇಟರ್ ಓಡುವಾಗ ಚಿತ್ರ ನಡುಗುತ್ತದೆ. ಆಗ ನಿಲ್ಲಿಸಿ. ಕರೆಂಟ್ ಏರಿಳಿದರೆ ದೀಪದ ಬೆಳಕೂ ಏರಿಳಿಯುತ್ತದೆ, ಮಸುಕು ಚುಕ್ಕೆ ತಪ್ಪಿಹೋಗುತ್ತದೆ. ದೀಪವನ್ನು ಯುಪಿಎಸ್‌ಗೆ ಹಾಕಿ.

## ಹಂತ 8: ದೊಡ್ಡ ಲೆನ್ಸ್, ಹೆಸರು ಹೇಳುವ ಹೊತ್ತು

ಈಗ ಮಾತ್ರ 50ಎಕ್ಸ್. ಈ ಲೆನ್ಸ್‌ಗಳಲ್ಲಿ ಬಹಳಷ್ಟು ವೇಫರಿನಿಂದ ಒಂದು ಮಿ.ಮೀ. ಆಸುಪಾಸು ದೂರದಲ್ಲಿ ನಿಲ್ಲುತ್ತವೆ. ತಾಗಿದರೆ ಲೆನ್ಸೂ ಹೋಯಿತು, ವೇಫರೂ ಹೋಯಿತು.

ಮೊದಲ ಪ್ರಶ್ನೆ: ಅದು ಉಬ್ಬೋ, ಕುಳಿಯೋ? ಮೇಲ್ಮೈ ಫೋಕಸ್ ಮಾಡಿ. ಸ್ಟೇಜ್ ಸ್ವಲ್ಪ ಇಳಿಸಿದಾಗ ಚುಕ್ಕೆ ಚೂಪಾದರೆ ಅದು ಮೇಲೆದ್ದಿದೆ. ಏರಿಸಿದಾಗ ಚೂಪಾದರೆ ಕುಳಿ. ಒಂದು ಮೈಕ್ರಾನಿಗಿಂತ ಕಡಿಮೆ ಎತ್ತರ, ಆಳಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ನೊಮಾರ್ಸ್ಕಿ ಪ್ರಿಸಂ ಇದ್ದರೆ ಹಾಕಿ. ಸಣ್ಣ ಏರಿಳಿತವೂ ಉಬ್ಬುಚಿತ್ರದಂತೆ ಕಾಣುತ್ತದೆ.

ಇನ್ನು ಆಕಾರ. ಅಂಚಿನಿಂದ ಶುರುವಾಗಿ ಒಳಗೆ ಬಂದ ಚಿಕ್ಕ ಗೀರು ಟ್ವೀಜರಿನದು. ಬಿಲ್ಲಿನಂತೆ ಬಾಗಿದ ಗೀರು ಪಾಲಿಶ್ ಮಾಡುವಾಗ ಆದದ್ದು. ಅಂಚಿನ ಹತ್ತಿರ, ಫ್ಲಾಟಿಗೆ ಸಮಾನಾಂತರವಾಗಿ ಅಥವಾ ಲಂಬವಾಗಿ ಓಡುವ ನೇರ ಗೆರೆಗಳಿದ್ದರೆ ಅದು ಗೀರಲ್ಲ. 100 ದಿಕ್ಕಿನ ವೇಫರಿನಲ್ಲಿ (ಈ 100 ಮಿ.ಮೀ. ಅಲ್ಲ, ಹರಳನ್ನು ಯಾವ ದಿಕ್ಕಿಗೆ ಕತ್ತರಿಸಿದ್ದಾರೆ ಎಂಬ ಸಂಕೇತ; ಮುಂದೆ ಬರುವ 111 ಕೂಡ ಹಾಗೆಯೇ) ಅದು ಸ್ಲಿಪ್, ಅಂದರೆ ಬಿಸಿ ಮಾಡಿದಾಗ ಹರಳಿನ ಪದರವೇ ಜಾರಿದೆ. ಕುಲುಮೆಯಲ್ಲಿ ಕೆಲಸ ಮಾಡಿದವರಿಗೆ ತಿಳಿಸಿ. ಉಂಗುರದ ಕಲೆ ನೀರು ಆರಿದ್ದು. ಚೌಕಾಕಾರದ ಕುಳಿ 100 ವೇಫರಿನಲ್ಲಿ, ತ್ರಿಕೋನದ ಕುಳಿ 111 ವೇಫರಿನಲ್ಲಿ ಎಚ್ಚಿಂಗ್ (ರಾಸಾಯನಿಕದಿಂದ ಮೇಲ್ಮೈ ಕೊರೆಯುವುದು) ಆದ ಮೇಲೆ ಕಾಣುತ್ತವೆ. ಉದ್ದನೆಯ, ಬಳುಕಿದ ಎಳೆ ಬಟ್ಟೆಯದು. ಸುಮಾರು 70 ಮೈಕ್ರಾನ್ ದಪ್ಪ ಇದ್ದರೆ ನಿಮ್ಮ ತಲೆಕೂದಲು.

ಸಿಲಿಕಾನ್ ಹರಳು ಬೆಳೆಯುವಾಗಲೇ ಉಳಿಯುವ ಸುಮಾರು 0.1 ಮೈಕ್ರಾನಿನ ಟೊಳ್ಳುಗಳಿವೆ. ಪಾಲಿಶ್ ಮಾಡಿದಾಗ ಅವು ಮೇಲ್ಮೈಯಲ್ಲಿ ತೆರೆದುಕೊಳ್ಳುತ್ತವೆ. ಲೇಸರ್ ಯಂತ್ರಕ್ಕೆ ಇವು ಕಣದಂತೆಯೇ ಕಾಣುತ್ತವೆ, ಹಾಗಾಗಿ ಸಿಒಪಿ (ಕ್ರಿಸ್ಟಲ್ ಒರಿಜಿನೇಟೆಡ್ ಪಾರ್ಟಿಕಲ್) ಎಂಬ ಹೆಸರಿನಲ್ಲೂ ಕಣ ಅನ್ನುವ ಮಾತು ಸೇರಿಕೊಂಡಿದೆ. ಎಷ್ಟು ತೊಳೆದರೂ ಹೋಗುವುದಿಲ್ಲ, ಯಾಕೆಂದರೆ ಅವು ಕುಳಿಗಳು.

ಗಾತ್ರದ ವಿಷಯದಲ್ಲಿ ಒಂದು ಎಚ್ಚರಿಕೆ. ಡಾರ್ಕ್ ಫೀಲ್ಡ್‌ನ ಹೊಳೆಯುವ ಚುಕ್ಕೆಯನ್ನು ಅಳೆದು ಗಾತ್ರ ಬರೆಯಬೇಡಿ. ಲೆನ್ಸ್ ಬಿಡಿಸಿ ತೋರಿಸಬಲ್ಲ ಅತಿ ಸಣ್ಣ ಗಾತ್ರ ತಿಳಿಯಲು ಬೆಳಕಿನ ತರಂಗದ ಉದ್ದವನ್ನು 0.61ರಿಂದ ಗುಣಿಸಿ, ಲೆನ್ಸ್ ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತದೆ ಎಂದು ಹೇಳುವ, ಅದರ ಮೇಲೇ ಬರೆದಿರುವ ಎನ್‌ಎ ಸಂಖ್ಯೆಯಿಂದ ಭಾಗಿಸಿ. ಹಸಿರು ಬೆಳಕು 550 ನ್ಯಾನೋಮೀಟರ್, ಎನ್‌ಎ 0.8 ಆದರೆ ಬರುವುದು ಸುಮಾರು 0.42 ಮೈಕ್ರಾನ್. ಇದಕ್ಕಿಂತ ಸಣ್ಣ ಕಣಗಳೆಲ್ಲ ಹೆಚ್ಚುಕಡಿಮೆ ಇದೇ ಗಾತ್ರದಲ್ಲಿ ಕಾಣುತ್ತವೆ. ವರದಿಯಲ್ಲಿ "0.4 ಮೈಕ್ರಾನಿಗಿಂತ ಕಡಿಮೆ" ಎಂದಷ್ಟೇ ಬರೆಯಿರಿ. ಅದಕ್ಕೂ ಮುಂದೆ ತಿಳಿಯಬೇಕಾದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದಂಥ ಕಡೆ ಸಮಯ ಗೊತ್ತು ಮಾಡಿಕೊಂಡು ಹೋಗಬೇಕಾಗುತ್ತದೆ. ಗಂಟೆ ಲೆಕ್ಕದ ಸಮಯ ಅದು. ಸರಿಯಾದ ನಕ್ಷೆ ಕೈಯಲ್ಲಿದ್ದರೆ ನೇರ ಚುಕ್ಕೆಯ ಮೇಲೆ ಹೋಗಿ ನಿಲ್ಲಬಹುದು.

## ಹಂತ 9: ತಿರುಗಿಸಿ, ಇನ್ನೊಬ್ಬರಿಂದ ನೋಡಿಸಿ

ವೇಫರನ್ನು 180 ಡಿಗ್ರಿ ತಿರುಗಿಸಿ, ಮೊದಲ ನಕ್ಷೆ ನೋಡದೆ ಮತ್ತೊಮ್ಮೆ ಹುಡುಕಿ. ಸಾಧ್ಯವಾದರೆ ಇನ್ನೊಬ್ಬರು ಮಾಡಲಿ. ಎರಡೂ ನಕ್ಷೆಯಲ್ಲಿ ಇರುವುದು ಗಟ್ಟಿ. ಒಂದರಲ್ಲಿ ಮಾತ್ರ ಇರುವುದಕ್ಕೆ ಪ್ರಶ್ನೆ ಚಿಹ್ನೆ ಹಾಕಿ.

ಕೆಲಸದ ನಡುವೆ ಇವು ಕಂಡರೆ ನಿಲ್ಲಿಸಿ ಕಾರಣ ಹುಡುಕಿ:

- ಮೊದಲ ವೇಫರಿನಿಂದ ಕೊನೆಯದಕ್ಕೆ ಹೋಗುತ್ತಾ ಚುಕ್ಕೆ ಜಾಸ್ತಿ ಆಗುತ್ತಿದೆ. ಕೋಣೆ ಅಥವಾ ಗ್ಲೌಸ್ ಕೊಳೆಯಾಗಿದೆ.
- ಎಲ್ಲ ವೇಫರಿನಲ್ಲೂ ಒಂದೇ ಗಂಟೆ ದಿಕ್ಕಿನಲ್ಲಿ ಗುರುತು. ನಿಮ್ಮ ಟ್ವೀಜರ್ ಅಥವಾ ಪೆಟ್ಟಿಗೆಯೊಳಗೆ ವೇಫರ್ ಕೂರುವ ಸಂದು ತಾಗುತ್ತಿದೆ.
- ಊಟದ ಮೇಲೆ ನೋಡಿದ ವೇಫರ್‌ಗಳೆಲ್ಲ ಚೆನ್ನಾಗಿವೆ. ಕಣ್ಣು ದಣಿದಿದೆ. ಅರ್ಧ ಗಂಟೆಗೊಮ್ಮೆ ಎದ್ದು ಹೊರಗೆ ಹೋಗಿ, ದೂರದ ಹಸಿರು ನೋಡಿ ಬನ್ನಿ.
- ಖಾಲಿ ವೇಫರ್ ಮತ್ತೆ ಇಟ್ಟಾಗ ಬೆಳಗಿನ ಎಣಿಕೆ ಬರುತ್ತಿಲ್ಲ. ಅಂದಿನ ಅಂಕಿಗಳನ್ನು ಬಿಟ್ಟುಬಿಡಿ.

ಕೊನೆಯದು ಮನಸ್ಸಿಗೆ ಕಷ್ಟ. ಒಂದು ಇಡೀ ದಿನದ ಕೆಲಸ ಹೋಗುತ್ತದೆ. ಆದರೂ ಬಿಡಿ.

## ಹಂತ 10: ಬರೆಯಿರಿ, ಮುಚ್ಚಿಡಿ

ಒಂದೊಂದು ದೋಷಕ್ಕೂ ಜಾಗ, ಬಗೆ, ಲೆನ್ಸ್, ಬ್ರೈಟೋ ಡಾರ್ಕೋ, ಅಳತೆಗೆರೆ ಇರುವ ಫೋಟೊ, ಇಷ್ಟು ಇರಲಿ. ಎಣಿಕೆಯನ್ನು ಚದರ ಸೆಂಟಿಮೀಟರಿಗೆ ಎಷ್ಟು ಎಂದು ಬದಲಿಸಿ. ಅಂಚಿನ 5 ಮಿ.ಮೀ. ಬಿಟ್ಟರೆ 100 ಮಿ.ಮೀ. ವೇಫರಿನಲ್ಲಿ ಉಳಿಯುವುದು ಸುಮಾರು 63.6 ಚದರ ಸೆಂ.ಮೀ. ಅದರಲ್ಲಿ 12 ದೋಷ ಸಿಕ್ಕಿದ್ದರೆ ಚದರ ಸೆಂಟಿಮೀಟರಿಗೆ 0.19. ಎಷ್ಟು ಅಂಚು ಬಿಟ್ಟಿರಿ ಎಂದು ಬರೆಯದಿದ್ದರೆ ಈ ಸಂಖ್ಯೆಯನ್ನು ಬೇರೆ ಲ್ಯಾಬಿನವರು ಹೋಲಿಸಲು ಆಗುವುದಿಲ್ಲ. ತೇವಾಂಶ, ಹೊತ್ತು, ನೋಡಿದವರ ಹೆಸರು ಕೊನೆಯಲ್ಲಿ ಬರೆಯಿರಿ.

ವೇಫರನ್ನು ಪೆಟ್ಟಿಗೆಗೆ ಹಾಕಿ, ಒಣಗಿದ ಬೆಂಚಿನ ಮೇಲೆಯೇ ಮುಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಸೀಲ್ ಮಾಡಿ. ಸಿಲಿಕಾ ಜೆಲ್ ಪೊಟ್ಟಣವನ್ನು ಪೆಟ್ಟಿಗೆಯೊಳಗೆ ಇಡಬೇಡಿ, ಅದರ ಪುಡಿ ವೇಫರಿಗೆ ಬರುತ್ತದೆ. ಮೊದಲ ಚೀಲವನ್ನು ಇನ್ನೊಂದು ಚೀಲಕ್ಕೆ ಹಾಕಿ, ಎರಡರ ನಡುವೆ ಜೆಲ್ ಇಡಿ. ಕಿತ್ತಳೆ ಬಣ್ಣದ ಕಾಳು ಹಸಿರಾದರೆ, ನೀಲಿ ಕಾಳು ಗುಲಾಬಿಯಾದರೆ ಪೊಟ್ಟಣ ಬದಲಿಸಿ. ಜುಲೈನಲ್ಲಿ ಅದನ್ನು ವಾರಕ್ಕೊಮ್ಮೆಯಾದರೂ ತೆಗೆದು ನೋಡಿ.